ಕಡಬದ ಶ್ರಾವಣ: ಪುರಾಣವೂ ಕಾದಂಬರಿಯೂ

ಕರಾವಳಿಯಲ್ಲಿ ವೃಷಭ ಮಾಸದ ಹತ್ತನೆಯ ದಿನವನ್ನು ಪತ್ತನಾಜೆಯೆಂದು ಕರೆಯುವರು. ಅಂದಿಗೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ದೈವಗಳ ನೇಮಗಳು ನಿಲ್ಲುತ್ತವೆ. ಅಲ್ಲಿಂದ ದೀಪಾವಳಿಯ ತನಕ ಮಳೆಯದೇ ರಾಜ್ಯಭಾರ. ಬಯಲಿನಲ್ಲಿ ಆಟ ಸಾಧ್ಯವಾಗದ ಈ ತಿಂಗಳುಗಳಲ್ಲಿ ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರ ಪದ ಹಾಗೂ ಕುಳಿತವರ ಅರ್ಥಗಾರಿಕೆಯಿಂದಲೇ ಕಥೆ ನಡೆಸುವ ತಾಳಮದ್ದಳೆಯು ಮನೆಗಳ ಚಾವಡಿಯನ್ನು ಸೇರುತ್ತದೆ. ಬಯಲುಸೀಮೆಯ ನಮ್ಮ ಮಠಮಾನ್ಯಗಳಲ್ಲಿ ಶ್ರಾವಣದ ಪುರಾಣ-ಪ್ರವಚನಗಳು ನಡೆಯುವುದೂ ಇದೇ ಕಾಲದಲ್ಲಿ. ಬಿತ್ತನೆ ಮುಗಿದು ಕೊಯ್ಲು ದೂರವಿರುವಾಗ ಜನರ ಕಿವಿ ಕಥೆಯ ಕಡೆಗೆ ತಿರುಗುವುದು ಸಹಜವಷ್ಟೆ.

ಕಳೆದ ವರ್ಷ ಆಷಾಢದ ಕೊನೆಯಿಂದ ಭಾದ್ರಪದದ ವರೆಗೆ ನಾವು ಕಡಬದಲ್ಲಿ, ನಮ್ಮ ಮಗಳ ಮನೆಯಲ್ಲಿದ್ದೆವು. ಕಡಬವೆಂದೊಡನೆ ವಾಚಕರಲ್ಲಿ ಹಲವರಿಗೆ ಗುಬ್ಬಿಯ ಸಮೀಪದ, ತಾಮ್ರಶಾಸನದಿಂದ ಹೆಸರಾದ ಕಡಬವು ನೆನಪಾದೀತು. ಅದಲ್ಲ, ಇದು ದಕ್ಷಿಣ ಕನ್ನಡದ್ದು, ಕುಮಾರಧಾರಾ ನದಿಯ ಸೀಮೆ. ಬಹುಕಾಲ ಪುತ್ತೂರು ತಾಲ್ಲೂಕಿನಲ್ಲಿದ್ದು ೨೦೧೮ರಲ್ಲಿ ತಾನೇ ತಾಲ್ಲೂಕು ಕೇಂದ್ರವಾಯಿತು. ಕುಕ್ಕೆ ಸುಬ್ರಹ್ಮಣ್ಯವೂ ಈಗ ಇದೇ ತಾಲ್ಲೂಕಿಗೆ ಸೇರಿದೆ. ಉಪ್ಪಿನಂಗಡಿಯಿಂದ ಬರುವ ದಾರಿಯಲ್ಲಿ ಹೊಸಮಠವೆಂಬ ಊರು ಸಿಗುತ್ತದೆ. ಹೆಸರು ಕೇಳಿ ನಮ್ಮ ಕಣ್ಣು ಮಠವನ್ನು ಹುಡುಕಿತು, ಕಂಡದ್ದು ಸೇತುವೆ. ಹಳೆಯ ಮುಳುಗು ಸೇತುವೆಯ ಕಾಲದಲ್ಲಿ ಹೊಳೆ ಏರಿತೆಂದರೆ ಎರಡೂ ದಡದ ಜನ ನೀರಿಳಿಯುವುದನ್ನು ಕಾಯುತ್ತ ನಿಲ್ಲಬೇಕಾಗುತ್ತಿತ್ತಂತೆ. ಈಗ ಎತ್ತರದ ಹೊಸ ಸೇತುವೆಯಾಗಿದೆ.

ಈ ಭಾಗದಲ್ಲಿ ನಮ್ಮವರ ಮನೆಗಳು ವಿರಳ. ಉದ್ಯೋಗನಿಮಿತ್ತವಾಗಿ ಬಂದು ನೆಲೆಸಿದವರೇ ಹೆಚ್ಚು. ಶ್ರಾವಣದಲ್ಲಿ ಪ್ರವಚನ ಕೇಳೋಣವೆಂದರೆ ಕಾಲುನಡಿಗೆಯಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿ ಮಠವಿಲ್ಲ. ಆದಕಾರಣ ಓದಬೇಕಾದುದನ್ನು ಮನೆಯವರೇ ಓದಿಕೊಳ್ಳಬೇಕು. ಅಂತಹ ಮೂರು ಮನೆಗಳವರು ಸೇರಿ ರಾತ್ರಿ ಪೂಜೆಯಾದ ಮೇಲೆ ಒಂದು ತಾಸು ಪುರಾಣವನ್ನೂ, ಮಧ್ಯಾಹ್ನ ಬಿಡುವಾದಾಗ ಇತರ ಪುಸ್ತಕಗಳನ್ನೂ ಓದುವುದೆಂದು ಗೊತ್ತುಮಾಡಿದೆವು. ಒಬ್ಬರು ಓದುವುದು, ಉಳಿದವರು ಕೇಳುವುದು. ಮೌನವಾಗಿ ಓದಿಕೊಳ್ಳುವವರಿಗೆ ಇದರಲ್ಲಿ ಭಾಗವಿಲ್ಲವೆಂಬುದೊಂದೇ ನಾವು ಹಾಕಿದ ಕಟ್ಟಳೆ.

ಪುರಾಣಕ್ಕೆ ಚಾಮರಸನ ‘ಪ್ರಭುಲಿಂಗಲೀಲೆ’ಯನ್ನು ಆರಿಸಿದೆವು. ಇದಕ್ಕೆ ಭಕ್ತಿಯ ಕಾರಣವೊಂದು, ಲೆಕ್ಕದ ಕಾರಣವೊಂದು. ಅದರಲ್ಲಿರುವುದು ಇಪ್ಪತ್ತೈದು ಗತಿ, ೧೧೧೧ ಪದ್ಯ. ದಿನಕ್ಕೊಂದು ಗತಿಯಂತೆ ಓದಿದರೆ ಶ್ರಾವಣದಲ್ಲಿಯೇ ಮುಗಿಯುತ್ತದೆ. ನೆಂಟರು ಬಂದರೆ, ವಿದ್ಯುತ್ತು ಹೋದರೆ ಬಿಡುವುದಕ್ಕೆ ನಾಲ್ಕೈದು ದಿನವೂ ಉಳಿಯುತ್ತದೆ. ಗೃಹಸ್ಥರ ಪಾರಾಯಣಕ್ಕೆ ಇಂತಹ ಅಳತೆ ಅವಶ್ಯಕ. ಭೀಮಕವಿಯ ‘ಬಸವಪುರಾಣ’ವನ್ನು ಮೊದಲ ವರ್ಷವೇ ಹಿಡಿದು ಅರ್ಧಕ್ಕೆ ಬಿಟ್ಟ ಮನೆಗಳನ್ನು ನಾವು ಬಹಳ ಕಂಡಿದ್ದೇವೆ.

ಎರಡನೆಯ ರಾತ್ರಿ ನೆರೆತೋಟದ ಹಿರಿಯರೊಬ್ಬರು ಕೊಡೆ ಮಡಿಸಿ ಜಗುಲಿಯ ಮೇಲೆ ಕುಳಿತರು. ಅವರು ನಮ್ಮ ಮತದವರಲ್ಲ. ಅನೇಕ ವರ್ಷ ತಾಳಮದ್ದಳೆಗಳಲ್ಲಿ ಅರ್ಥ ಹೇಳಿದವರು. ಭಾಮಿನಿ ಷಟ್ಪದಿಯ ನಡೆ ಕಿವಿಗೆ ಬಿದ್ದೊಡನೆ ‘ಇದು ನಮ್ಮ ಗದುಗಿನ ಭಾರತದ ದಾರಿಯಲ್ಲವೆ’ ಎಂದರು. ಅಹುದು; ಚಾಮರಸನೂ ಕುಮಾರವ್ಯಾಸನೂ ಬಂಧುಗಳೆಂಬ ಐತಿಹ್ಯವೇ ಉಂಟು. ಮರುದಿನದಿಂದ ಪದ್ಯ ಹಾಡುವ ಕೆಲಸ ಅವರದಾಯಿತು. ಗಮಕದ ಧಾಟಿಯಲ್ಲಿ ಅವರ ಕಂಠದಿಂದ ಹೊರಟ ಷಟ್ಪದಿಯನ್ನು ಕೇಳಿದ ಮೇಲೆ ನಮ್ಮ ಮಠದ ಓದು ನಮಗೇ ಸಪ್ಪೆಯೆನಿಸಿತು.

ಮಾಯೆಯ ಪ್ರಸಂಗ ಬಂದಿತು. ಕಥೆ ವಾಚಕರಿಗೆ ತಿಳಿದದ್ದೇ. ಪಾರ್ವತಿಯ ತಾಮಸ ಕಳೆಯು ಬನವಸೆಯಲ್ಲಿ ಮಮಕಾರರಾಯನಿಗೂ ಮೋಹಿನಿಗೂ ಮಗಳಾಗಿ ಹುಟ್ಟುತ್ತದೆ. ಮಧುಕೇಶ್ವರನ ಗುಡಿಯಲ್ಲಿ ಅಲ್ಲಮನು ಮದ್ದಳೆ ಬಾರಿಸುತ್ತಾನೆ, ಮಾಯೆ ಕುಣಿಯುತ್ತಾಳೆ. ಮದ್ದಳೆಯ ಮಾತು ಬಂದದ್ದೇ ತಡ, ನಮ್ಮ ಅರ್ಥಧಾರಿಗಳು ನೆಟ್ಟಗೆ ಕುಳಿತರು. ತಾವು ಮಾಯೆಯ ಪರವಾಗಿ ನಾಲ್ಕು ಮಾತು ಆಡಬಹುದೇ ಎಂದು ಕೇಳಿದರು. ನಾಲ್ಕು ಮಾತು ಅರ್ಧ ತಾಸಾಯಿತು. ಅದರ ಸಾರ ಇಷ್ಟು: ‘ನಿನ್ನ ಕೈ ಆಡದಿದ್ದರೆ ನನ್ನ ಕಾಲು ಆಡುತ್ತಿತ್ತೇ? ನಿನಗೆ ಆಸೆಯಿಲ್ಲವೆನ್ನುತ್ತೀ, ಹಾಗಾದರೆ ಈ ತಾಳ ಯಾರಿಗಾಗಿ? ಕುಣಿದವಳಿಗೆ ಬಂಧನ, ಕುಣಿಸಿದವನಿಗೆ ಮುಕ್ತಿ, ಇದಾವ ನ್ಯಾಯ?’ ಕೇಳಿದವರೆಲ್ಲ ತಿರುಗಿ ನಮ್ಮನ್ನು ನೋಡಿದರು. ಅಲ್ಲಮಪ್ರಭುವಿನ ಪಕ್ಷ ಹಿಡಿಯುವವರು ಅಲ್ಲಿ ಬೇರೆ ಯಾರಿದ್ದರು! ಮದ್ದಳೆಯ ದನಿ ಅದರ ಒಳಗಿನ ಬಯಲಿನಿಂದ ಬರುವುದು, ಕುಣಿಯೆಂದು ಅದು ಯಾರಿಗೂ ಹೇಳದು, ಕುಣಿದವಳ ಕಾಲಿಗೆ ಅವಳ ಇಚ್ಛೆಯೇ ಗೆಜ್ಜೆ ಎಂದು ನಾವು ಉತ್ತರಿಸಿದೆವು. ಅವರು ತೃಪ್ತರಾದರೆಂದು ಹೇಳಲಾರೆವು. ಆದರೆ ಅಂದು ಒಂಬತ್ತಕ್ಕೆ ಮಲಗುವ ಮಕ್ಕಳು ಹನ್ನೊಂದರ ವರೆಗೆ ಎಚ್ಚರವಾಗಿದ್ದರು. ಪುರಾಣವನ್ನು ಕೈಮುಗಿದು ಕೇಳುವುದೊಂದು ಬಗೆ. ಎದುರು ಪಕ್ಷವನ್ನು ಕೂರಿಸಿಕೊಂಡು ಕೇಳುವುದು ಇನ್ನೊಂದು ಬಗೆ. ಅನುಭವ ಮಂಟಪದ ಸಂವಾದಗಳನ್ನು ಕಟ್ಟಿಕೊಟ್ಟ ‘ಶೂನ್ಯಸಂಪಾದನೆ’ಯನ್ನು ಬಲ್ಲವರಿಗೆ ಈ ಎರಡನೆಯದು ಹೊಸದೇನೂ ಅಲ್ಲ.

ಮೊಮ್ಮಗಳು ಪ್ರೌಢಶಾಲೆಯವಳು. ಅವಳಿಗೆ ಬೇರೊಂದು ಸಂದೇಹ ಹುಟ್ಟಿತು. ಹರಿಹರನ ರಗಳೆಯಲ್ಲಿ ಅಲ್ಲಮನು ಕಾಮಲತೆಯನ್ನು ಪ್ರೀತಿಸಿ ಕೂಡಿ ಬಾಳುತ್ತಾನೆ, ಆಕೆ ಜ್ವರದಿಂದ ತೀರಿಕೊಂಡ ಮೇಲೆ ಮರುಳನಂತೆ ಅಲೆದು ಅನಿಮಿಷಯ್ಯನನ್ನು ಕಾಣುತ್ತಾನೆ. ಚಾಮರಸನಲ್ಲಿ ಅವನನ್ನು ಮಾಯೆ ಮುಟ್ಟಲೂ ಆಗುವುದಿಲ್ಲ. ಇವೆರಡರಲ್ಲಿ ನಿಜವಾವುದು? ಮಕ್ಕಳು ಇಂತಹ ಪ್ರಶ್ನೆ ಕೇಳಿದಾಗ ದೊಡ್ಡವರು ಗದರಿಸುವುದನ್ನು ನಾವು ನೋಡಿದ್ದೇವೆ. ಅದು ಸಲ್ಲದು. ಹರಿಹರನು ಕಾಲದಲ್ಲಿ ಶರಣರಿಗೆ ಸಮೀಪದವನು. ಅವನಿಗೆ ಅಲ್ಲಮನು ಮನುಷ್ಯನಾಗಿ ನೊಂದು ಪ್ರಭುವಾದವನು. ಎರಡು ಶತಮಾನಗಳ ಅನಂತರ ಬಂದ ಚಾಮರಸನಿಗೆ ಅಲ್ಲಮನು ಆದಿಯಿಂದಲೇ ಪ್ರಭು. ಇಬ್ಬರೂ ಭಕ್ತಕವಿಗಳು, ಇಬ್ಬರೂ ನಮ್ಮವರೇ. ನಮಗೆ ವೈಯಕ್ತಿಕವಾಗಿ ಹರಿಹರನ ಅಲ್ಲಮನ ಮೇಲೆ ಒಲವು ಹೆಚ್ಚು. ಇದನ್ನು ಮಠದ ಗೆಳೆಯರು ಒಪ್ಪುವುದಿಲ್ಲ. ಮೊಮ್ಮಗಳಿಗೆ ಎರಡನ್ನೂ ಓದುವಂತೆ ಹೇಳಿದೆವು. ರಗಳೆಯನ್ನು ಒಂದೇ ಮಧ್ಯಾಹ್ನ ಓದಿ ಮುಗಿಸಿದಳು.

ಮಧ್ಯಾಹ್ನದ ಓದು ಶಿವರಾಮ ಕಾರಂತರ ‘ಬೆಟ್ಟದ ಜೀವ’ದಿಂದ ಮೊದಲಾಯಿತು. ೧೯೪೩ರಲ್ಲಿ ಪ್ರಕಟವಾದ ಈ ಕಾದಂಬರಿ ಇದೇ ಸುಬ್ರಹ್ಮಣ್ಯದ ಕಾಡುಸೀಮೆಯದು. ಕಾರಂತರು ಪುತ್ತೂರಿನ ಬಾಲವನದಲ್ಲಿ ನೆಲೆಸಿದ್ದವರು. ದಾರಿ ತಪ್ಪಿ ಬಂದ ಅಪರಿಚಿತನನ್ನು ಗೋಪಾಲಯ್ಯನೆಂಬ ಮುದುಕ ಮನೆಯಲ್ಲಿರಿಸಿಕೊಂಡು ದಿನಗಟ್ಟಲೆ ಆದರಿಸುತ್ತಾನೆ. ಮನೆ ಬಿಟ್ಟು ಹೋದ ಒಬ್ಬನೇ ಮಗನಿಗಾಗಿ ಅವನೂ ಶಂಕರಿಯೂ ಒಳಗೊಳಗೆ ಕಾಯುತ್ತಿರುತ್ತಾರೆ. ಹೊರಗೆ ಅಡಿಕೆ ಮರದ ಮೇಲೆ ಮಳೆ ಬೀಳುತ್ತಿರಲು ಇದನ್ನು ಓದಿ ಕೇಳುವುದು ಬೇರೆಯದೇ ಅನುಭವ. ಓದುತ್ತಿದ್ದ ನಮ್ಮ ಮಗಳು ಶಂಕರಿಯ ಮಾತು ಬಂದಲ್ಲಿ ಪುಸ್ತಕವನ್ನು ಪಕ್ಕದ ಮನೆಯಾಕೆಗೆ ಕೊಟ್ಟಳು. ಆಕೆಯ ಮಗ ಪರದೇಶದಲ್ಲಿದ್ದಾನೆ, ಆಕೆಗೂ ಓದಲಾಗಲಿಲ್ಲ. ಆ ಅಧ್ಯಾಯವನ್ನು ನಾವೇ ಓದಿದೆವು. ಗೋಪಾಲಯ್ಯನ ಬಾಯಲ್ಲಿ ದಾಸೋಹವೆಂಬ ಶಬ್ದ ಬರುವುದಿಲ್ಲ. ಆದರೆ ಬಂದವನ ಕುಲಗೋತ್ರಕ್ಕಿಂತ ಅವನ ಹಸಿವನ್ನು ಮೊದಲು ಕಾಣುವ ಅವನ ನಡೆಯನ್ನು ಕೇಳಿದ ನಮ್ಮವರಾರಿಗೂ ಅದರ ಹೆಸರನ್ನು ಹೇಳಿಕೊಡಬೇಕಾಗಲಿಲ್ಲ.

ತೊಡಕು ಬಂದದ್ದು ಅನಂತರದ ಪುಸ್ತಕಕ್ಕೆ. ಅದು ನಿರಂಜನರ ‘ಕಲ್ಯಾಣಸ್ವಾಮಿ’.

ನಿರಂಜನರು ಈ ಮಣ್ಣಿನವರೇ. ಅವರ ಹೆಸರು ಶಿವರಾವ್. ಹುಟ್ಟಿದ್ದು ೧೯೨೪ರಲ್ಲಿ, ಸುಬ್ರಹ್ಮಣ್ಯದ ಬಳಿಯ ಕುಳಕುಂದದಲ್ಲಿ. ಕಾದಂಬರಿಯ ವಸ್ತುವೂ ಈ ಸೀಮೆಯದೇ. ಹಾಲೇರಿಯ ಲಿಂಗಾಯತ ಅರಸರ ಕೊಡಗನ್ನು ಇಂಗ್ಲಿಷರು ೧೮೩೪ರಲ್ಲಿ ವಶಪಡಿಸಿಕೊಂಡು, ಅದರ ಕೆಳಗಿದ್ದ ಅಮರ ಸುಳ್ಯದ ಭಾಗವನ್ನು ಕನ್ನಡ ಜಿಲ್ಲೆಗೆ ಸೇರಿಸಿದರು. ಅರಸರ ಕಾಲದಲ್ಲಿ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕೆಂದರು. ಹಣದ ಮುಖ ಕಾಣದ ರೈತ ಎಲ್ಲಿಂದ ತಂದಾನು? ೧೮೩೭ರಲ್ಲಿ ಸುಳ್ಯದ ಕೆದಂಬಾಡಿ ರಾಮಯ್ಯಗೌಡರೇ ಮೊದಲಾದವರು ದಂಡು ಕಟ್ಟಿದರು. ದಂಡಿನ ಮುಂದೆ ಜಂಗಮವೇಷದ ಪುಟ್ಟಬಸಪ್ಪನಿದ್ದನು. ಜನರಿಗೆ ಅವನು ಕಲ್ಯಾಣಸ್ವಾಮಿ. ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಪುತ್ತೂರು, ಬಂಟ್ವಾಳಗಳನ್ನು ದಾಟಿ, ಏಪ್ರಿಲ್ ೫ರಂದು ಮಂಗಳೂರಿನ ಬಾವುಟಗುಡ್ಡೆಯ ಮೇಲೆ ಅವರು ತಮ್ಮ ಧ್ವಜವನ್ನೇರಿಸಿದರು. ಆ ಆಳ್ವಿಕೆ ನಿಂತದ್ದು ಎರಡು ವಾರಕ್ಕೂ ಕಡಿಮೆ. ಅದೇ ವರ್ಷ ಪುಟ್ಟಬಸಪ್ಪನನ್ನು ಗಲ್ಲಿಗೇರಿಸಲಾಯಿತು. ಬಾವುಟಗುಡ್ಡೆಯಲ್ಲಿ ರಾಮಯ್ಯಗೌಡರ ಪ್ರತಿಮೆ ನಿಂತದ್ದು ೨೦೨೨ರಲ್ಲಿ.

ನಮ್ಮ ಗೋಷ್ಠಿಯ ಹಿರಿಯ ಭಕ್ತರೊಬ್ಬರು ಈ ಪುಸ್ತಕವನ್ನು ಒಪ್ಪಲಿಲ್ಲ. ನಿರಂಜನರು ಮಾರ್ಕ್ಸ್‌ವಾದಿಗಳು, ದೇವರನ್ನೊಪ್ಪದವರ ಬರಹವನ್ನು ಶ್ರಾವಣದಲ್ಲಿ ಲಿಂಗಾರ್ಚನೆಯ ಮನೆಯಲ್ಲಿ ಓದುವುದೆಂದರೇನು ಎಂದು ಅವರ ಆಕ್ಷೇಪ. ಅಷ್ಟೇ ಆಗಿದ್ದರೆ ಉತ್ತರ ಸುಲಭವಿತ್ತು. ಅವರು ಮತ್ತೂ ಒಂದು ಮಾತು ಹೇಳಿದರು: ‘ವರ್ಷವೆಲ್ಲ ಮಕ್ಕಳು ಲೋಕದ್ದನ್ನೇ ಓದುತ್ತಾರೆ, ನೋಡುತ್ತಾರೆ. ಶರಣರಿಗೆಂದು ಉಳಿದಿರುವುದು ಈ ಒಂದು ತಿಂಗಳು. ಅದನ್ನೂ ಹಂಚಿದರೆ ಏನು ಉಳಿಯಿತು?’ ಈ ಮಾತಿನಲ್ಲಿ ತಥ್ಯವಿದೆ. ಆದಕಾರಣ ರಾತ್ರಿಯ ತಾಸನ್ನು ಪುರಾಣಕ್ಕೇ ಬಿಟ್ಟು, ಅದರಿಂದ ಒಂದು ನಿಮಿಷವನ್ನೂ ಕಾದಂಬರಿಗೆ ಕೊಡಲಿಲ್ಲ. ಆದರೆ ಪುಸ್ತಕವನ್ನು ಕೈಬಿಡಲೂ ನಾವು ಒಪ್ಪಲಿಲ್ಲ.

ಕಾರಣವಿಷ್ಟೆ. ಜಂಗಮನನ್ನು ನಂಬಿ ಊರಿಗೆ ಊರೇ ಎದ್ದು ನಡೆದ ಕಥೆಯನ್ನು ನಮ್ಮವರು ಓದದೆ ಮತ್ತಾರು ಓದಬೇಕು? ಒಂದು ವೇಷ ಕಂಡರೆ ಜನ ಬಾಗಿಲು ತೆರೆಯುತ್ತಿದ್ದರು, ಕೂಳು ನೀಡುತ್ತಿದ್ದರು, ಮಕ್ಕಳನ್ನು ಹಿಂದೆ ಕಳುಹಿಸುತ್ತಿದ್ದರು. ಆ ವಿಶ್ವಾಸವು ಆರು ನೂರು ವರ್ಷಗಳ ಸಂಪಾದನೆ. ಅದನ್ನು ರಾಜ್ಯದ ಹೋರಾಟಕ್ಕೆ ತೊಡಗಿಸಿದ್ದು ಉಚಿತವೇ ಎಂಬ ಪ್ರಶ್ನೆ ನಮ್ಮನ್ನು ಈಗಲೂ ಕಾಡುತ್ತಿದೆ. ರೈತನ ಕಷ್ಟಕ್ಕೆ ಮರುಗದ ಜಂಗಮನು ಜಂಗಮನೇ ಅಲ್ಲವೆಂದು ಮನಸ್ಸಿನ ಒಂದು ಭಾಗ ಹೇಳುತ್ತದೆ. ಸಿಂಹಾಸನದ ನೆರಳೂ ಜಂಗಮನ ಮೇಲೆ ಬೀಳಬಾರದೆಂದು ಇನ್ನೊಂದು ಭಾಗ. ನಿರಂಜನರ ಒಲವು ರೈತನ ಕಡೆಗೆ. ಅದನ್ನು ಅವರು ಮರೆಮಾಡುವುದಿಲ್ಲ. ಲಿಂಗಪೂಜೆಗೆ ಕುಳಿತ ಪುಟ್ಟಬಸಪ್ಪನ ಅಂತರಂಗವನ್ನು ಇನ್ನಷ್ಟು ಕಾಣಬೇಕೆಂದು ನಮಗೆ ಅನಿಸಿತು. ಅದು ಕಾದಂಬರಿಕಾರರ ದೋಷವೆನ್ನುವುದಕ್ಕಿಂತ ಆ ಕೆಲಸವನ್ನು ಇನ್ನೂ ಮಾಡದ ನಮ್ಮವರ ಪಾಲಿನ ಬಾಕಿಯೆನ್ನಬೇಕು.

ಅನ್ಯರ ಕೈಯ ಪುಸ್ತಕ ಬೇಡವೆನ್ನುವವರಿಗೆ ಇದೇ ಜಿಲ್ಲೆಯ ಇನ್ನೊಂದು ಸಂಗತಿಯನ್ನು ನೆನಪಿಸಿದೆವು. ‘ಬಸವಪುರಾಣ’ವು ಓಲೆಗರಿಯಿಂದ ಅಚ್ಚಿಗೆ ಬಂದುದು ಮಂಗಳೂರಿನಲ್ಲಿ, ಕ್ರೈಸ್ತ ಪಾದ್ರಿಗಳ ಕೈಯಿಂದ. ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಹೊರಡಿಸಿದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್, ಕಸಮೇಜರ್ ಎಂಬ ಅಧಿಕಾರಿಯ ಧನಸಹಾಯ ಪಡೆದು, ೧೮೪೮ರಿಂದ ಮುಂದಿನ ಐದಾರು ವರ್ಷಗಳಲ್ಲಿ ಕನ್ನಡ ಕಾವ್ಯಗಳ ಮಾಲೆಯೊಂದನ್ನು ಕಲ್ಲಚ್ಚಿನಲ್ಲಿ ಪ್ರಕಟಿಸಿದರು. ‘ಜೈಮಿನಿ ಭಾರತ’, ದಾಸರ ಪದಗಳ ಜೊತೆಯಲ್ಲಿ ‘ಬಸವಪುರಾಣ’, ‘ಚೆನ್ನಬಸವಪುರಾಣ’ಗಳೂ ಬಂದವು. ಅವರ ಉದ್ದೇಶ ನಮ್ಮದಾಗಿರಲಿಲ್ಲ. ತಾವು ಬೋಧಿಸಬೇಕಾದ ಜನರ ಮನಸ್ಸನ್ನು ತಿಳಿಯುವುದು ಅವರಿಗೆ ಬೇಕಾಗಿತ್ತು. ಅಕ್ಷರಗಳಂತೂ ಉಳಿದವು. ನಾವು ರಾತ್ರಿ ಕಠಿಣ ಪದಕ್ಕೆ ತಿರುವಿಹಾಕುತ್ತಿದ್ದ ಕಿಟ್ಟೆಲರ ನಿಘಂಟು ೧೮೯೪ರಲ್ಲಿ ಅದೇ ಮಂಗಳೂರಿನಿಂದ ಬಂದದ್ದು.

ಕಥೆಗೆ ಇನ್ನೊಂದು ಮಗ್ಗುಲೂ ಇದೆ. ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ವನ್ನು ಮುದ್ರಣಕ್ಕೆಂದು ಅದೇ ಮಂಗಳೂರಿನ ಮುದ್ರಣಾಲಯಕ್ಕೆ ಕಳುಹಿಸಿದಾಗ ಅದು ಅಚ್ಚಾಗದೆ ಹಿಂದಿರುಗಿತೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಗ್ರಂಥವು ೧೯೨೩ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಅನಂತರ ಹಳಕಟ್ಟಿಯವರು ವಿಜಯಪುರದಲ್ಲಿ ಸ್ವಂತ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅನ್ಯರ ಕೈಯನ್ನೇ ನಂಬಿ ಕುಳಿತಿದ್ದರೆ ವಚನಗಳ ಗತಿಯೇನಾಗುತ್ತಿತ್ತೆಂದು ನಮ್ಮ ಹಿರಿಯ ಭಕ್ತರು ಕೂಡಲೇ ಕೇಳಿದರು. ಅದಕ್ಕೆ ನಾವು ಏನನ್ನೂ ಹೇಳಲಿಲ್ಲ. ಅವರು ಕಾದಂಬರಿಯ ಮಧ್ಯಾಹ್ನಗಳಿಗೆ ಕಡೆಯ ವರೆಗೂ ಬರಲಿಲ್ಲ. ರಾತ್ರಿಯ ಪುರಾಣವನ್ನು ಒಂದು ದಿನವೂ ತಪ್ಪಿಸಲಿಲ್ಲ. ಇಪ್ಪತ್ತೈದನೆಯ ಗತಿ ಮುಗಿದಂದು ಮಂಗಳಾರತಿಯ ತಟ್ಟೆ ಹಿಡಿದವರು ಅವರೇ. ಪದ್ಯ ಹಾಡಿದ ಅರ್ಥಧಾರಿಗಳಿಗೆ ಶಾಲು ಹೊದೆಸಿದವರೂ ಅವರೇ.

ನಾವು ಊರಿಗೆ ಹಿಂದಿರುಗಿದ ಮೇಲೂ ಸೋಮವಾರದ ರಾತ್ರಿ ದೂರವಾಣಿಯಲ್ಲಿ ಓದು ನಡೆದಿದೆ. ಈಗ ಗೂಳೂರು ಸಿದ್ಧವೀರಣ್ಣೊಡೆಯರ ‘ಶೂನ್ಯಸಂಪಾದನೆ’. ಕಳೆದ ವಾರ ಆಯ್ದಕ್ಕಿ ಮಾರಯ್ಯನ ಪ್ರಸಂಗ ಬಂದಿತು. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ತಂದಾಗ, ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸುತ್ತಾಳೆ. ಅತ್ತ ಕಡಬದಲ್ಲಿ ಅರ್ಥಧಾರಿಗಳೂ ಕೇಳುತ್ತಿದ್ದರು. ಅಡಿಕೆಗೆ ಧಾರಣೆ ಏರಿದ ವರ್ಷ ಈ ಕಥೆಯನ್ನು ನಮ್ಮ ತೋಟದವರಿಗೆ ಓದಿ ಹೇಳುವವರಾರು ಎಂದು ನಕ್ಕರು. ಮಾರಯ್ಯನ ಪರವಾಗಿ ಅರ್ಥ ಹೇಳಲು ತಾವು ಸಿದ್ಧರೆಂದೂ, ಲಕ್ಕಮ್ಮನ ಪಕ್ಷವನ್ನು ಮೊಮ್ಮಗಳು ವಹಿಸಬೇಕೆಂದೂ ಗೊತ್ತುಮಾಡಿ ಆ ರಾತ್ರಿಯ ಓದನ್ನು ನಿಲ್ಲಿಸಿದೆವು.