ನಾರಿಲ್ಲದ ಊಟ, ಹಸಿದ ಕರುಳು, ಏರುವ ಶುಗರ್

ನಮ್ಮ ಬ್ಯಾರಿ ಮನೆಗಳಲ್ಲಿ ಪುಂಡಿ ಅಂದರೆ ಅಕ್ಕಿಯ ಉಂಡೆ. ಕಲಬುರಗಿ ಜಿಲ್ಲೆ ಅಫಜಲಪುರ ತಾಲೂಕಿನ ಹವಳಗಾ ಕಡೆ ಪುಂಡಿ ಅಂದರೆ ಹುಳಿ ಸೊಪ್ಪು. ಅದರ ಪಲ್ಯವನ್ನು ಅಲ್ಲಿ ಜೋಳದ ರೊಟ್ಟಿ ಜೊತೆ ತಿನ್ನುತ್ತಾರೆ. ಹೆಸರು ಒಂದೇ ಆದರೂ ಹೊಟ್ಟೆಯೊಳಗೆ ಎರಡರ ಕೆಲಸ ಬೇರೆ. ಶುಗರ್ ಇರುವ ಮನೆಯವರು ಈ ವ್ಯತ್ಯಾಸ ತಿಳಿದಿರಬೇಕು.

ನಮ್ಮ ದೊಡ್ಡ ಕರುಳಿನಲ್ಲಿ ಲಕ್ಷ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿವೆ. ಎಲ್ಲವೂ ರೋಗ ತರುವವಲ್ಲ. ನಮಗೆ ಜೀರ್ಣವಾಗದ ನಾರಿನಂಶವೇ ಅವುಗಳಲ್ಲಿ ಹಲವಕ್ಕೆ ಊಟ. ಅದನ್ನು ತಿಂದು ಅವು ಬ್ಯುಟಿರೇಟ್‌ನಂತಹ ಆಮ್ಲಗಳನ್ನು ತಯಾರಿಸುತ್ತವೆ. ಕರುಳಿನ ಒಳಗೋಡೆ ಗಟ್ಟಿಯಾಗಿರುವುದು ಇದರಿಂದಲೇ. ನಾರು ಸಿಗದೆ ಒಳ್ಳೆಯವು ಕಡಿಮೆಯಾದರೆ ಗೋಡೆ ಸಡಿಲವಾಗಿ, ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ಸೇರಿ ಸಣ್ಣ ಉರಿಯೂತ ಉಳಿದುಬಿಡುತ್ತದೆ. ಆಗ ಇನ್ಸುಲಿನ್ ಇದ್ದರೂ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ ಎನ್ನುತ್ತಾರೆ ವಿಜ್ಞಾನಿಗಳು.

2006ರಲ್ಲಿ ಅಮೆರಿಕದಲ್ಲಿ ಬೊಜ್ಜಿನ ಇಲಿಯ ಕರುಳಿನ ಬ್ಯಾಕ್ಟೀರಿಯಾವನ್ನು ಬ್ಯಾಕ್ಟೀರಿಯಾ ಇಲ್ಲದ ಇಲಿಗಳಿಗೆ ಸೇರಿಸಿ ನೋಡಿದರು. ಅವುಗಳ ಕೊಬ್ಬು ಹೆಚ್ಚಾಯಿತು. 2012ರಲ್ಲಿ ಚೀನಾದಲ್ಲಿ ಪರೀಕ್ಷಿಸಿದಾಗ, ಟೈಪ್ 2 ಮಧುಮೇಹಿಗಳಲ್ಲಿ ಬ್ಯುಟಿರೇಟ್ ಕೊಡುವ ಬ್ಯಾಕ್ಟೀರಿಯಾ ಕಡಿಮೆ ಇದ್ದವು. ಆದರೆ ಮೆಟ್‌ಫಾರ್ಮಿನ್ ಮಾತ್ರೆಯಿಂದಲೂ ಕರುಳಿನ ಬ್ಯಾಕ್ಟೀರಿಯಾ ಬದಲಾಗುತ್ತವೆ ಎಂದು 2015ರಲ್ಲಿ ತಿಳಿಯಿತು. ಹಾಗಾಗಿ ಎಲ್ಲ ತಪ್ಪನ್ನೂ ಬ್ಯಾಕ್ಟೀರಿಯಾ ಮೇಲೆ ಹಾಕುವಂತಿಲ್ಲ. ವಂಶ, ಬೊಜ್ಜು, ನಡೆದಾಡದ ಬದುಕು, ನಿದ್ದೆಗೇಡು ಎಲ್ಲವೂ ಸೇರುತ್ತವೆ. 2018ರಲ್ಲಿ ಚೀನಾದಲ್ಲೇ ನಡೆದ ಇನ್ನೊಂದು ಪ್ರಯೋಗದಲ್ಲಿ, ಹೆಚ್ಚು ನಾರಿನ ಆಹಾರ ತಿಂದವರ ಬ್ಯಾಕ್ಟೀರಿಯಾ ಸುಧಾರಿಸಿ, ಶುಗರ್ ಕೂಡ ಇಳಿಯಿತು.

100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಯಲ್ಲಿ ಸುಮಾರು 3 ಗ್ರಾಂ ಮಾತ್ರ. ಹಾಗಂತ ಹವಳಗಾದವರಿಗೆ ಶುಗರ್ ಬರುವುದಿಲ್ಲ ಎಂದಲ್ಲ. ಸಕ್ಕರೆ ಕಾರ್ಖಾನೆ ಇರುವ ಆ ಊರಲ್ಲೂ, ರೊಟ್ಟಿ ಬಿಟ್ಟು ಬರೀ ಅನ್ನ, ಬ್ರೆಡ್ಡು, ಸಿಹಿ ಚಹಾಕ್ಕೆ ಇಳಿದವರ ಕರುಳು ಹಸಿದೇ ಇರುತ್ತದೆ. ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು 2023ರಲ್ಲಿ ಐಸಿಎಂಆರ್ ಅಧ್ಯಯನ ಹೇಳಿದೆ. ಅದರಲ್ಲಿ ಹಳ್ಳಿಯವರೂ ಇದ್ದಾರೆ.

ನಾವೇನು ಮಾಡೋಣ? ಎಲ್ಲರೂ ರೊಟ್ಟಿ ಬಡಿಯಬೇಕಿಲ್ಲ. ಅನ್ನದ ಪಾಲು ತಗ್ಗಿಸಿ, ಆ ಜಾಗಕ್ಕೆ ಹುರುಳಿ, ಹೆಸರು, ಕಡಲೆ, ಬಸಳೆ, ನುಗ್ಗೆಸೊಪ್ಪು ಬರಲಿ. ಬೆಳ್ತಿಗೆ ಬದಲು ಪಾಲಿಶ್ ಕಡಿಮೆ ಇರುವ ಕುಚ್ಚಲಕ್ಕಿ ಒಳ್ಳೆಯದು. ಅದೂ ಮಿತವಾಗಿ, ಏಕೆಂದರೆ ಅದರಲ್ಲೂ ಪಿಷ್ಟವಿದೆ. ಪತ್ತಿರ್, ತುಪ್ಪದನ್ನ ಮದುವೆ ಮನೆಯಲ್ಲಿ ಇರಲಿ, ದಿನಾ ಬೇಡ. ನಾರನ್ನು ಒಮ್ಮೆಗೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ವಾರ ವಾರ ಸ್ವಲ್ಪ ಸ್ವಲ್ಪ ಸೇರಿಸಿ, ನೀರು ಕುಡಿಯಿರಿ. ನೆಗಡಿ ಬಂದಾಗಲೆಲ್ಲ ಮೆಡಿಕಲ್‌ನಿಂದ ಆಂಟಿಬಯಾಟಿಕ್ ತಂದು ನುಂಗಬೇಡಿ. ವೈರಸ್‌ನ ನೆಗಡಿಗೆ ಅದು ನಾಟುವುದಿಲ್ಲ, ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಮಾತ್ರ ಸಾಯಿಸುತ್ತದೆ.

ಮನೆಯ ಉಮ್ಮ, ಬಾಪಾರಿಗೆ ಒಂದು ಮಾತು ಖಂಡಿತ ಹೇಳಿ: ಊಟ ಬದಲಿಸಿದೆವೆಂದು ಶುಗರ್ ಮಾತ್ರೆ ನಿಲ್ಲಿಸಬಾರದು. ಕಿಡ್ನಿ ತೊಂದರೆ ಇದ್ದವರು ಬೇಳೆಕಾಳು, ಸೊಪ್ಪು ಹೆಚ್ಚಿಸುವ ಮೊದಲು ಡಾಕ್ಟರನ್ನು ಕೇಳಲಿ. ಮಾತ್ರೆ ಕಡಿಮೆ ಮಾಡುವುದಿದ್ದರೆ ಅದನ್ನು ರಕ್ತ ಪರೀಕ್ಷೆ ನೋಡಿ ಡಾಕ್ಟರೇ ಹೇಳಬೇಕು.