ಗರ್ಭನಿರೋಧಕ ಮಾತ್ರೆ ವಿಟಮಿನ್ ಕದಿಯುತ್ತಾ?

ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ ಮಾಲಾ-ಎನ್ ಸ್ಟ್ರಿಪ್ ನೋಡಿದ್ದೀರಾ? ಅದರ 28 ಮಾತ್ರೆಗಳಲ್ಲಿ 21 ಹಾರ್ಮೋನಿನವು, ಉಳಿದ 7 ಕಬ್ಬಿಣಾಂಶದವು. ನಮ್ಮ ಹೆಣ್ಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಅನ್ನೋದು ಗೊತ್ತಿದ್ದೇ ಮಾಡಿದ ಜೋಡಣೆ ಅದು. ಆದರೆ ವಾಟ್ಸಾಪ್‌ನಲ್ಲಿ ಓಡಾಡೋ ಮಾತೇ ಬೇರೆ: "ಪಿಲ್ ತಗೊಂಡ್ರೆ ಮೈಗೆ ವಿಟಮಿನ್ ಹತ್ತೋದೇ ಇಲ್ಲ."

ಪಿಸಿಓಎಸ್‌ಗೆ ಅಂತ ಡಾಕ್ಟರ್ ಬರೆದುಕೊಟ್ಟ ಪಿಲ್ ಅನ್ನು ನಾನೂ ಎರಡು ವರ್ಷದಿಂದ ತಗೊಳ್ತಿದ್ದೇನೆ. ಕಳೆದ ವರ್ಷ ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಬಿ12 ಕಡಿಮೆ ಬಂತು. "ಮೊದಲು ಆ ಮಾತ್ರೆ ಬಿಡು" ಅಂದರು ಅಮ್ಮ. ನಾನು ರಿಪೋರ್ಟ್ ಹಿಡಿದು ಡಾಕ್ಟರ್ ಹತ್ತಿರ ಹೋದೆ. ಅವರು ಕೇಳಿದ್ದು ಎರಡೇ ಪ್ರಶ್ನೆ: "ಮೊಟ್ಟೆ, ಮೀನು ತಿಂತೀರಾ? ಮೆಟ್‌ಫಾರ್ಮಿನ್ ಎಷ್ಟು ದಿನದಿಂದ ತಗೊಳ್ತಿದ್ದೀರಿ?"

ವಿಷಯ ಇರೋದು ಇಲ್ಲೇ. ಪಿಸಿಓಎಸ್ ಇರುವ ಅನೇಕರಿಗೆ ಪಿಲ್ ಜೊತೆ ಮೆಟ್‌ಫಾರ್ಮಿನ್ ಕೂಡ ಕೊಡುತ್ತಾರೆ. ಕರುಳಿನಲ್ಲಿ ಬಿ12 ಹೀರಿಕೆಯನ್ನು ನಿಜವಾಗಿ ತಗ್ಗಿಸುವುದು ಆ ಮೆಟ್‌ಫಾರ್ಮಿನ್. ಪಿಲ್ ಕೆಲಸ ಮಾಡುವ ರೀತಿ ಬೇರೆ. ರಕ್ತದಲ್ಲಿ ಬಿ12 ಕೆಲವು ಪ್ರೋಟೀನುಗಳನ್ನು ಹತ್ತಿಕೊಂಡು ಓಡಾಡುತ್ತೆ. ಪಿಲ್‌ನಿಂದ ಅಂಥ ಪ್ರೋಟೀನಿನ ಪ್ರಮಾಣ ಇಳಿಯಬಹುದು, ರಿಪೋರ್ಟಿನ ಅಂಕಿಯೂ ಇಳಿಯುತ್ತೆ. ಜೀವಕೋಶಗಳಿಗೆ ಸಿಗೋದು ಎಷ್ಟೋ ಸಲ ಸರಿಯಾಗೇ ಇರುತ್ತೆ. ಡ್ಯಾಶ್‌ಬೋರ್ಡ್ ಕೆಂಪಾದ ಮಾತ್ರಕ್ಕೆ ಸರ್ವರ್ ಬಿದ್ದಿದೆ ಅಂತಲ್ಲ ಅಲ್ವಾ, ಹಾಗೆ. ಅನುಮಾನವಿದ್ದರೆ ಮಿಥೈಲ್‌ಮಲೋನಿಕ್ ಆಸಿಡ್ ಪರೀಕ್ಷೆ ನಿಜವಾದ ಕೊರತೆಯನ್ನು ತೋರಿಸುತ್ತೆ. ನನಗೆ ಬಿ12 ಮಾತ್ರೆ ಕೊಟ್ಟರು, ಪಿಲ್ ಮುಂದುವರಿಯಿತು. ಮೂರು ತಿಂಗಳಲ್ಲಿ ಅಂಕಿ ಮೇಲೆ ಬಂತು.

ಹಾಗಂತ ಪಿಲ್‌ನಿಂದ ಏನೂ ಆಗಲ್ಲ ಅಂತಲ್ಲ. ಪಿಲ್ ತಗೊಳ್ಳುವವರ ರಕ್ತದಲ್ಲಿ ಬಿ6 ಮತ್ತು ಫೋಲೇಟ್ ಕಡಿಮೆ ಇರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಸೊಪ್ಪು, ಕಾಳು, ಬಾಳೆಹಣ್ಣು ದಿನದ ಊಟದಲ್ಲಿದ್ದರೆ ಹೆಚ್ಚಿನವರಿಗೆ ತೊಂದರೆಯಾಗಲ್ಲ. ಫೋಲೇಟ್ ಮುಖ್ಯವಾಗೋದು ಮಗು ಬೇಕು ಅಂತ ಪಿಲ್ ನಿಲ್ಲಿಸುವಾಗ. ಮಗುವಿನ ಮೆದುಳು, ಬೆನ್ನುಹುರಿ ರೂಪುಗೊಳ್ಳುವ ನರನಾಳ ಗರ್ಭ ಕಟ್ಟಿದ 28 ದಿನದೊಳಗೇ ಮುಚ್ಚಿಕೊಳ್ಳುತ್ತೆ. ಎಷ್ಟೋ ಜನಕ್ಕೆ ಅಷ್ಟರಲ್ಲಿ ಬಸಿರು ಅಂತಲೇ ಗೊತ್ತಾಗಿರಲ್ಲ. ಪಿಲ್ ನಿಲ್ಲಿಸಿದ ಮೊದಲ ತಿಂಗಳಲ್ಲೇ ಗರ್ಭ ನಿಲ್ಲಬಹುದು. ಅದಕ್ಕೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಅನ್ನು ಪಿಲ್ ಬಿಡುವ ಮುಂಚೆಯೇ ಶುರು ಮಾಡೋದು ಒಳ್ಳೆಯದು. 2010ರಲ್ಲಿ ಅಮೆರಿಕದಲ್ಲಿ ಫೋಲೇಟ್ ಸೇರಿಸಿದ ಪಿಲ್‌ಗೇ ಅನುಮತಿ ಸಿಕ್ಕಿದ್ದು ಇದೇ ಕಾರಣಕ್ಕೆ.

ಕಬ್ಬಿಣಾಂಶದ ವಿಚಾರದಲ್ಲಿ ಲೆಕ್ಕ ತಿರುಗುಮುರುಗು. ಪಿಲ್‌ನಿಂದ ಮುಟ್ಟಿನ ರಕ್ತಸ್ರಾವ ತಗ್ಗುವುದರಿಂದ ಕಬ್ಬಿಣಾಂಶ ಉಳಿಯುತ್ತೆ. ಮೂರು ತಿಂಗಳಿಗೊಮ್ಮೆ ಹಾಕಿಸುವ ಅಂತರಾ ಇಂಜೆಕ್ಷನ್ ತಗೊಳ್ಳುವವರು ಮಾತ್ರ ಮೂಳೆಯ ಕಡೆ ಗಮನ ಕೊಡಬೇಕು. ಅದರಿಂದ ಮೂಳೆಯ ಸಾಂದ್ರತೆ ಸ್ವಲ್ಪ ಇಳಿಯುತ್ತೆ, ನಿಲ್ಲಿಸಿದ ಮೇಲೆ ಬಹುಮಟ್ಟಿಗೆ ಮರಳುತ್ತೆ. ಅಲ್ಲಿವರೆಗೆ ಹಾಲು, ರಾಗಿ, ಬಿಸಿಲು, ನಡಿಗೆ ಬಿಡಬೇಡಿ.

ಸುಸ್ತು, ಕೂದಲು ಉದುರುವುದು, ಕೈಕಾಲು ಜೋಮು ಹಿಡಿಯುವುದು ಇದ್ದರೆ ಪರೀಕ್ಷೆ ಮಾಡಿಸಿ. ಡಾಕ್ಟರ್ ಮುಂದೆ ಕೂತಾಗ ಪಿಲ್ ಒಂದನ್ನೇ ಅಲ್ಲ, ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹೆಸರೂ ಹೇಳಿ. ಯಾರದೋ ಫಾರ್ವರ್ಡ್ ನಂಬಿ ಸ್ಟ್ರಿಪ್ ಅರ್ಧಕ್ಕೆ ಬಿಟ್ಟರೆ ವಿಟಮಿನ್ ಹೆಚ್ಚುತ್ತೋ ಇಲ್ಲವೋ, ಬೇಡದ ಬಸಿರಿನ ಚಿಂತೆಯಂತೂ ಗ್ಯಾರಂಟಿ.