ಮೈಕಿನ ‘ಸುಯ್’ ಸದ್ದಿಗೆ ಮದ್ದೇನು? ಸೌಂಡ್ ಕಾರ್ಡ್ ಕೊಳ್ಳುವ ಮುನ್ನ ಒಂದಿಷ್ಟು ತಿಳಿವಳಿಕೆ

ಚಿಕ್ಕಮಗಳೂರು: ದೀಪಾವಳಿಯ ರಾತ್ರಿಗಳಲ್ಲಿ ಉರಿಯುವ ದೀಪವನ್ನು ಹಿಡಿದು ಮನೆಯಿಂದ ಮನೆಗೆ ಹಾಡುತ್ತ ಸಾಗುವ ಅಂಟಿಗೆ-ಪಂಟಿಗೆ ತಂಡಗಳು ಮಲೆನಾಡಿನ ಹೆಗ್ಗುರುತು. ಈ ಪದಗಳು ಪುಸ್ತಕದಿಂದ ಬಂದವಲ್ಲ, ಬಾಯಿಂದ ಬಾಯಿಗೆ ಬಂದವು. ಹಾಡುವ ಹಿರಿಯರೊಬ್ಬರು ಕಣ್ಣು ಮುಚ್ಚಿದರೆ ಅವರೊಂದಿಗೆ ಕೆಲವು ಪದಗಳೂ ಮಣ್ಣಾಗುತ್ತವೆ. ಇಂತಹ ಹಾಡುಗಳನ್ನು ಉಳಿಸಿಕೊಳ್ಳಲು ಒಂದು ಕಾಲದಲ್ಲಿ ಆಕಾಶವಾಣಿಯ ಸ್ಟುಡಿಯೋ ಅಥವಾ ಜಾನಪದ ಸಂಶೋಧಕರ ಟೇಪ್ ರೆಕಾರ್ಡರ್ ಬೇಕಾಗಿತ್ತು. ಇಂದು ಮೂಡಿಗೆರೆಯಲ್ಲೋ ಕಳಸದಲ್ಲೋ ಇರುವ ತೋಟದ ಮನೆಯ ಒಂದು ಕೋಣೆ, ಒಂದು ಲ್ಯಾಪ್‌ಟಾಪ್, ಒಂದು ಮೈಕ್ ಹಾಗೂ ಒಂದು ಸೌಂಡ್ ಕಾರ್ಡ್ ಇದ್ದರೆ ಸಾಕು.

ಆದರೆ ಮುದ್ರಿಸಿದ್ದನ್ನು ಕೇಳಲು ಕುಳಿತಾಗ ಹಾಡಿನ ಹಿಂದೆ ‘ಸುಯ್’ ಎಂಬ ಸದ್ದು ಎಡೆಬಿಡದೆ ಕೇಳಿಬರುತ್ತದೆ. ಬಹುತೇಕರು ಮೊದಲು ದೂರುವುದು ಸೌಂಡ್ ಕಾರ್ಡನ್ನು. ಹೊಸದೊಂದನ್ನು ತಂದ ಮೇಲೂ ಸದ್ದು ಹಾಗೆಯೇ ಉಳಿದಾಗ ನಿರಾಶೆ ಕಾದಿರುತ್ತದೆ. ಕಾರಣ ಸರಳ. ಸುಯ್ ಸದ್ದು ಹುಟ್ಟುವ ಜಾಗಗಳು ನಾಲ್ಕು, ಕಾರ್ಡ್ ಅವುಗಳಲ್ಲಿ ಒಂದು ಮಾತ್ರ.

ಸದ್ದಿನ ನಾಲ್ಕು ಮೂಲಗಳು

ಮೊದಲನೆಯದು ಕೋಣೆ. ಫ್ಯಾನ್, ಫ್ರಿಜ್, ಲ್ಯಾಪ್‌ಟಾಪಿನೊಳಗಿನ ಪುಟ್ಟ ಪಂಖ, ಹೊರಗೆ ಜೀರುಂಡೆಗಳ ಮೇಳ. ದೂರದಿಂದ ಬರುವ ಜೀರುಂಡೆಯ ಸದ್ದು ಧ್ವನಿಮುದ್ರಣದಲ್ಲಿ ಯಂತ್ರದ ದೋಷದಂತೆಯೇ ಕೇಳಿಸುವುದುಂಟು. ಸದಾ ಅದರ ನಡುವೆಯೇ ಇರುವ ಕಿವಿ ಅದನ್ನು ಮರೆತಿರುತ್ತದೆ, ಮೈಕ್ ಮರೆಯುವುದಿಲ್ಲ.

ಎರಡನೆಯದು ಮೈಕ್. ಮೂರನೆಯದು ಮೈಕಿನ ದುರ್ಬಲ ವಿದ್ಯುತ್ ಸಂಕೇತವನ್ನು ಸಾವಿರಾರು ಪಟ್ಟು ಹಿಗ್ಗಿಸುವ ಪ್ರಿಆಂಪ್. ಇದು ಸೌಂಡ್ ಕಾರ್ಡಿನ ಒಳಗೇ ಇರುತ್ತದೆ. ನಾಲ್ಕನೆಯದು ಮನೆಯ ವಿದ್ಯುತ್ ವ್ಯವಸ್ಥೆ.

ಯಂತ್ರ ಎಷ್ಟೇ ದುಬಾರಿಯಾದರೂ ಸುಯ್ ಸದ್ದು ಪೂರ್ತಿ ಇಲ್ಲವಾಗುವುದು ಸಾಧ್ಯವಿಲ್ಲ. ಯಾವುದೇ ವಾಹಕದೊಳಗೆ ಶಾಖದಿಂದಾಗಿ ಎಲೆಕ್ಟ್ರಾನ್‌ಗಳು ಅಡ್ಡಾದಿಡ್ಡಿ ಚಲಿಸುತ್ತಲೇ ಇರುತ್ತವೆ, ಅದೇ ಸಣ್ಣ ಗದ್ದಲವಾಗುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಜಾನ್ಸನ್ ಇದನ್ನು ಅಳೆದರು, ಹ್ಯಾರಿ ನೈಕ್ವಿಸ್ಟ್ ಗಣಿತದಿಂದ ವಿವರಿಸಿದರು. ಇಬ್ಬರ ಪ್ರಬಂಧಗಳೂ 1928ರಲ್ಲಿ ಪ್ರಕಟವಾದವು. ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಸದ್ದು ಇದೆಯೇ’ ಎಂದಲ್ಲ, ‘ಹಾಡಿಗಿಂತ ಎಷ್ಟು ಕೆಳಗಿದೆ’ ಎಂದು.

ಕಾಸು ಖರ್ಚಿಲ್ಲದ ಮೂರು ಪರೀಕ್ಷೆ

ಅಂಗಡಿಗೆ ಹೋಗುವ ಮುನ್ನ ಮನೆಯಲ್ಲೇ ಮೂರು ಪರೀಕ್ಷೆ ಮಾಡಬಹುದು. ಪ್ರತಿಯೊಂದರಲ್ಲೂ ಯಾರೂ ಮಾತನಾಡದೆ ಒಂದು ನಿಮಿಷ ಮುದ್ರಿಸಿಕೊಳ್ಳಬೇಕು.

ಮೊದಲ ಬಾರಿ ಕಾರ್ಡಿನ ಗೇನ್ ತಿರುಗುಬಟನ್ನನ್ನು ಪೂರ್ತಿ ಇಳಿಸಿ ಒಮ್ಮೆ, ಹಾಡಿಗೆ ಬೇಕಾದಷ್ಟು ಏರಿಸಿ ಇನ್ನೊಮ್ಮೆ ಮುದ್ರಿಸಬೇಕು. ಇಳಿಸಿದಾಗಲೂ ಸದ್ದು ಅಷ್ಟೇ ಇದ್ದರೆ ದೋಷ ಕಾರ್ಡಿನ ಮುಂದಿನ ಹಂತದಲ್ಲಿ ಅಥವಾ ಗಣಕಯಂತ್ರದಲ್ಲಿದೆ. ಗೇನ್ ಜತೆಗೆ ಸದ್ದೂ ಏರಿದರೆ ಕೋಣೆ, ಮೈಕ್ ಅಥವಾ ಪ್ರಿಆಂಪ್ ಕಾರಣ.

ಎರಡನೇ ಬಾರಿ ಗೇನ್ ಬದಲಿಸದೆ ಮೈಕನ್ನು ಕಂಬಳಿಯಲ್ಲಿ ಸುತ್ತಿ ಬಟ್ಟೆ ತುಂಬಿದ ಬೀರುವಿನಲ್ಲಿಟ್ಟು ಬಾಗಿಲು ಮುಚ್ಚಬೇಕು. ಸದ್ದು ಗಣನೀಯವಾಗಿ ತಗ್ಗಿದರೆ ಅಪರಾಧಿ ಕೋಣೆಯೇ ಹೊರತು ಯಂತ್ರವಲ್ಲ. ಬೀರುವಿನಲ್ಲೂ ಉಳಿಯುವ ಸದ್ದು ಮೈಕ್ ಮತ್ತು ಪ್ರಿಆಂಪಿನದು. ಯಾರಿಂದಲಾದರೂ ಇನ್ನೊಂದು ಮೈಕ್ ಕೇಳಿ ತಂದು ಸಿಕ್ಕಿಸಿದರೆ ಅವೆರಡರಲ್ಲಿ ಯಾವುದೆಂಬುದೂ ತಿಳಿಯುತ್ತದೆ.

ಮೂರನೇ ಬಾರಿ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು, ಇನ್ವರ್ಟರ್ ಹಾಗೂ ಮೇನ್ ಸ್ವಿಚ್ ಆರಿಸಿ, ಬ್ಯಾಟರಿಯ ಮೇಲೆ ಮುದ್ರಿಸಬೇಕು. ಆಗ ‘ಗುಂಯ್’ ಸದ್ದು ಮಾಯವಾದರೆ ಮನೆಯ ವಿದ್ಯುತ್ತಿನಲ್ಲಿ ತೊಂದರೆಯಿದೆ ಎಂದರ್ಥ. ಸುಯ್ ಎಂಬುದು ಬೇರೆ, ಗುಂಯ್ ಎಂಬುದು ಬೇರೆ. ಎರಡನೆಯದು 50 ಹರ್ಟ್ಜ್ ವಿದ್ಯುತ್ತಿನ ಕೂಸು.

ದೂರವೇ ದೊಡ್ಡ ಶತ್ರು

ಮೈಕಿನಿಂದ ಬಾಯಿಯ ದೂರವನ್ನು ಅರ್ಧಕ್ಕೆ ಇಳಿಸಿದರೆ ಧ್ವನಿ ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ. ಒಂದು ಮೀಟರ್ ದೂರದಲ್ಲಿದ್ದ ಮೈಕನ್ನು 15 ಸೆಂಟಿಮೀಟರಿಗೆ, ಅಂದರೆ ಸರಿಸುಮಾರು ಗೇಣಿಗಿಂತ ತುಸು ಕಡಿಮೆ ದೂರಕ್ಕೆ ತಂದರೆ 16 ಡೆಸಿಬೆಲ್ ಲಾಭ. ಕೋಣೆಯ ಸದ್ದಾಗಲಿ ಪ್ರಿಆಂಪಿನ ಸದ್ದಾಗಲಿ ಏರುವುದಿಲ್ಲ, ಹಾಡು ಮಾತ್ರ ಏರುತ್ತದೆ. ಹಾಗಾಗಿ ಗೇನ್ ಇಳಿಸಬಹುದು, ಅದರ ಜತೆಗೆ ಸುಯ್ ಸದ್ದೂ ಇಳಿಯುತ್ತದೆ.

ಇದಕ್ಕೆ ಹೋಲಿಸಿದರೆ ಕಾರ್ಡ್ ಬದಲಿಸಿದಾಗ ಸಿಗುವ ಲಾಭ ಎಷ್ಟು? ಪ್ರಿಆಂಪಿನ ಸ್ವಂತ ಸದ್ದನ್ನು ತಯಾರಕರು ‘ಇಐಎನ್’ ಎಂಬ ಅಂಕಿಯಲ್ಲಿ ಸೂಚಿಸುತ್ತಾರೆ. 150 ಓಮ್ ರೋಧದ ಮೈಕಿಗೆ ಭೌತಶಾಸ್ತ್ರ ಹಾಕಿರುವ ಮಿತಿ ಸುಮಾರು ಮೈನಸ್ 131 ಡಿಬಿಯು. ಮೈನಸ್ 128 ತಲುಪುವ ಕಾರ್ಡುಗಳು ಮಧ್ಯಮ ಬೆಲೆಗೇ ಸಿಗುತ್ತವೆ. ಅಲ್ಲಿಂದ ಮುಂದೆ ಎಷ್ಟೇ ಹಣ ಸುರಿದರೂ ಗಳಿಸುವುದು ಹೆಚ್ಚೆಂದರೆ 3 ಡೆಸಿಬೆಲ್. ಮೈಕನ್ನು ಒಂದು ಗೇಣು ಹತ್ತಿರಕ್ಕೆ ಎಳೆದರೆ ಅದಕ್ಕಿಂತ ಹೆಚ್ಚು ಸಿಗುತ್ತದೆ, ಅದೂ ಬಿಟ್ಟಿಯಾಗಿ.

ಮೈಕ್ ಯಾವುದಿರಬೇಕು?

ಸಭೆಗಳಲ್ಲಿ ಕೈಯಲ್ಲಿ ಹಿಡಿಯುವ ಡೈನಮಿಕ್ ಮೈಕ್ ಗಟ್ಟಿಮುಟ್ಟಾದದ್ದು, ತೇವಕ್ಕೆ ಸುಲಭವಾಗಿ ಬಗ್ಗದು. ಆದರೆ ಅದು ಹೊರಡಿಸುವ ಸಂಕೇತ ತೀರಾ ಕ್ಷೀಣ. ಮೆಲುದನಿಯ ಹಾಡಿಗೆ ಕಾರ್ಡಿನಿಂದ 60 ಡೆಸಿಬೆಲ್‌ನಷ್ಟು ಗೇನ್ ಬೇಕಾಗುತ್ತದೆ, ಅಗ್ಗದ ಕಾರ್ಡ್ ಅಲ್ಲಿ ಸೋಲುತ್ತದೆ. ಕಂಡೆನ್ಸರ್ ಮೈಕಿನ ಸಂಕೇತ ಹತ್ತು ಪಟ್ಟು ಬಲವಾಗಿರಬಲ್ಲದು. ಅದಕ್ಕೆ ಕಾರ್ಡಿನಿಂದ 48 ವೋಲ್ಟ್ ‘ಫ್ಯಾಂಟಮ್ ಪವರ್’ ಬೇಕು.

ಕಂಡೆನ್ಸರ್ ಕೊಳ್ಳುವಾಗ ‘ಸೆಲ್ಫ್ ನಾಯ್ಸ್’ ಎಂಬ ಅಂಕಿಯನ್ನು ಕೇಳಿ ನೋಡಬೇಕು. 10 ಡಿಬಿಎಗಿಂತ ಕಡಿಮೆಯಿದ್ದರೆ ಅತ್ಯುತ್ತಮ, 15ರ ಆಸುಪಾಸು ಪರವಾಗಿಲ್ಲ, 20 ದಾಟಿದರೆ ಮೆಲುದನಿಯ ಹಿಂದೆ ಸುಯ್ ಕೇಳಿಸಿಯೇ ತೀರುತ್ತದೆ. ಒಳ್ಳೆಯ ಕಂಡೆನ್ಸರ್ ಮೈಕಿಗೆ ಸಾಧಾರಣ ಕಾರ್ಡ್ ಸಾಕಾಗುವುದುಂಟು. ಡೈನಮಿಕ್ ಮೈಕಿಗೇ ಒಳ್ಳೆಯ ಕಾರ್ಡಿನ ಅಗತ್ಯ ಹೆಚ್ಚು. ಮೈಕ್ ನಿರ್ಧರಿಸಿದ ಮೇಲೆ ಕಾರ್ಡ್ ಆರಿಸಬೇಕೆನ್ನುವುದು ಇದಕ್ಕೇ.

ಕಾರ್ಡಿನಲ್ಲಿ ನೋಡಬೇಕಾದದ್ದು

ಗಣಕಯಂತ್ರದಲ್ಲೇ ಇರುವ ಗುಲಾಬಿ ಬಣ್ಣದ ಮೈಕ್ ಕಿಂಡಿ ದೂರವಾಣಿ ಸಂಭಾಷಣೆಗೆ ಸಾಕು, ಹಾಡಿಗೆ ಸಾಲದು. ಪ್ರೊಸೆಸರ್, ಫ್ಯಾನ್ ಮುಂತಾದವುಗಳ ಪಕ್ಕದಲ್ಲೇ ಇರುವುದರಿಂದ ಅವುಗಳ ವಿದ್ಯುತ್ ಗದ್ದಲವೂ ಅದರೊಳಗೆ ನುಸುಳುತ್ತದೆ. ಹಿಂದೆ ಗಣಕದ ಪೆಟ್ಟಿಗೆ ಬಿಚ್ಚಿ ಒಳಗೆ ಸಿಕ್ಕಿಸುತ್ತಿದ್ದ ಸೌಂಡ್ ಕಾರ್ಡಿನ ಜಾಗದಲ್ಲಿ ಇಂದು ಯುಎಸ್‌ಬಿ ತಂತಿಯಿಂದ ಹೊರಗೆ ಜೋಡಿಸುವ ಪುಟ್ಟ ಡಬ್ಬಿ ಬಂದಿದೆ. ಇದನ್ನೇ ಅಂಗಡಿಗಳಲ್ಲಿ ಆಡಿಯೊ ಇಂಟರ್‌ಫೇಸ್ ಎನ್ನುತ್ತಾರೆ.

ಅದರಲ್ಲಿ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕಿಂಡಿ, 48 ವೋಲ್ಟ್ ಸೌಲಭ್ಯ, 24 ಬಿಟ್ ಮುದ್ರಣ, ಹಾಡುತ್ತಿರುವಾಗಲೇ ತಡವಿಲ್ಲದೆ ಕೇಳಿಸಿಕೊಳ್ಳಲು ಹೆಡ್‌ಫೋನ್ ಕಿಂಡಿ ಇರಬೇಕು. ಅಂಟಿಗೆ-ಪಂಟಿಗೆಯಂತೆ ಒಬ್ಬರು ಹೇಳಿ ಉಳಿದವರು ಸೊಲ್ಲೆತ್ತುವ ಹಾಡಾದರೆ ಎರಡು ಮೈಕ್ ಕಿಂಡಿಗಳಿರುವುದು ಲೇಸು. ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಮೆರೆಯುವ 192 ಕಿಲೋಹರ್ಟ್ಜ್‌ಗೆ ಮರುಳಾಗಬೇಕಿಲ್ಲ, 48 ಸಾಕು. 24 ಬಿಟ್ ಮುದ್ರಣದಲ್ಲಿ ಮಟ್ಟವನ್ನು ಅಂಚಿನವರೆಗೆ ಏರಿಸುವ ಅಗತ್ಯವೂ ಇಲ್ಲ. ಅತಿ ಜೋರಿನ ದನಿ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರುವಂತೆ ಗೇನ್ ಇಟ್ಟುಕೊಂಡರೆ ದನಿ ಒಡೆಯುವ ಭಯವಿರುವುದಿಲ್ಲ.

ಮಳೆ, ತೇವ, ಬೇಲಿ

ಕಾಫಿ ಸೀಮೆಗೆ ಅದರದ್ದೇ ಸಮಸ್ಯೆಗಳಿವೆ. ಮುಂಗಾರಿನಲ್ಲಿ ಜಿಂಕ್ ಶೀಟಿನ ಮೇಲೆ ಬೀಳುವ ಮಳೆಯನ್ನು ಯಾವ ಕಾರ್ಡೂ ತಡೆಯಲಾರದು. ಕೊಯ್ಲಿನ ತಿಂಗಳುಗಳಲ್ಲಿ ಪಲ್ಪರ್ ಸದ್ದು ಗಂಟೆಗಟ್ಟಲೆ ಕೇಳುತ್ತಿರುತ್ತದೆ. ಮಳೆ ಬಿಟ್ಟ ಹಗಲು, ಯಂತ್ರ ನಿಂತ ವೇಳೆ, ಹೆಂಚಿನ ಮನೆಯ ಒಳಕೋಣೆ ಇವುಗಳನ್ನು ಆರಿಸಿಕೊಳ್ಳಬೇಕು. ಗೋಡೆಗೆ ಕಂಬಳಿ, ನೆಲಕ್ಕೆ ಜಮಖಾನ ಹಾಕಿದರೆ ಪ್ರತಿಧ್ವನಿಯೂ ತಗ್ಗುತ್ತದೆ.

ತೇವ ಹಿಡಿದ ಕಂಡೆನ್ಸರ್ ಮೈಕ್ ‘ಚಟಚಟ’ ಎನ್ನತೊಡಗುತ್ತದೆ. ಬಳಕೆಯ ನಂತರ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡುವುದು ಕ್ಷೇಮ. ಸ್ಕ್ವೇರ್ ವೇವ್ ಇನ್ವರ್ಟರ್ ಗುಂಯ್‌ಗುಡುವಿಕೆಗೆ ಹೆಸರುವಾಸಿ. ಸೈನ್ ವೇವ್ ಮಾದರಿ ಅಷ್ಟು ಕಾಡದು, ಬ್ಯಾಟರಿ ಎಲ್ಲಕ್ಕಿಂತ ಮೇಲು. ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿದ್ದರೆ ನೀರು ಹಾಕಿಸಬೇಕು. ಸೆಕೆಂಡಿಗೊಮ್ಮೆ ‘ಟಿಕ್’ ಎನ್ನುವ ಸದ್ದು ಕೇಳಿಬಂದರೆ ಆನೆ, ದನಗಳ ತಡೆಗೆ ಹಾಕಿದ ಸೋಲಾರ್ ಬೇಲಿಯ ಮಿಡಿತವನ್ನು ಶಂಕಿಸಬಹುದು. ಮೈಕಿನ ತಂತಿಯನ್ನು ಬೇಲಿಯ ದಿಕ್ಕಿನಿಂದ ದೂರ ಎಳೆದುಕೊಳ್ಳಬೇಕು. ಸಿಗ್ನಲ್ ದುರ್ಬಲವಿರುವ ಕಣಿವೆಗಳಲ್ಲಿ ಮೊಬೈಲ್ ಹೆಚ್ಚು ಶಕ್ತಿಯಿಂದ ತರಂಗ ಹೊರಡಿಸುತ್ತದೆ. ಅದನ್ನು ಆರಿಸಿ ಬೇರೆ ಕೋಣೆಯಲ್ಲಿಡುವುದು ಒಳಿತು.

ಸಾಫ್ಟ್‌ವೇರ್ ಕೊನೆಯ ಮದ್ದು

ಕ್ಯಾಸೆಟ್ ಕಾಲದಲ್ಲಿ ಟೇಪಿನ ಸುಯ್ ಸದ್ದನ್ನು ಡಾಲ್ಬಿ-ಬಿ ಎಂಬ ವಿಧಾನ ಸುಮಾರು 10 ಡೆಸಿಬೆಲ್ ತಗ್ಗಿಸುತ್ತಿತ್ತು. ಈಗ ಉಚಿತವಾಗಿ ದೊರೆಯುವ ಆಡಾಸಿಟಿಯಂತಹ ತಂತ್ರಾಂಶ ಬರೀ ಸದ್ದಿರುವ ಕೆಲವು ಸೆಕೆಂಡನ್ನು ಮಾದರಿಯಾಗಿ ತೆಗೆದುಕೊಂಡು ಉಳಿದ ಭಾಗದಿಂದ ಅದನ್ನು ಕಳೆಯುತ್ತದೆ. ಇದಕ್ಕಾಗಿ ಹಾಡಿನ ಮೊದಲು 10 ಸೆಕೆಂಡ್ ಮೌನವನ್ನು ಮುದ್ರಿಸಿಕೊಂಡಿರಬೇಕು.

ಆದರೆ 6ರಿಂದ 12 ಡೆಸಿಬೆಲ್ ಮೀರಿ ಕಳೆಯಹೊರಟರೆ ದನಿ ನೀರಿನಡಿಯಿಂದ ಬಂದಂತಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಸ, ಶ, ಷ, ಹ ಅಕ್ಷರಗಳ ಉಚ್ಚಾರಣೆಯೂ ಒಂದು ಬಗೆಯ ಸುಯ್ ಸದ್ದೇ. ತಂತ್ರಾಂಶಕ್ಕೆ ಅಕ್ಷರ ಯಾವುದು, ಗದ್ದಲ ಯಾವುದು ಎಂಬ ವಿವೇಚನೆ ಸದಾ ಇರುವುದಿಲ್ಲ. ಹಳೆಯ ಪದವೊಂದರಲ್ಲಿ ಹಾಡಿದ್ದು ‘ಹರ’ ಎಂದೋ ‘ಸರ’ ಎಂದೋ ಸಂಶಯ ಬಂದಾಗ ಕೇಳಿ ತಿಳಿಯಲು ಹಾಡಿದವರೇ ಇಲ್ಲದಿರಬಹುದು. ಆದ್ದರಿಂದ ಮೂಲ ಮುದ್ರಣವನ್ನು ಎಂದಿಗೂ ತಿದ್ದಬಾರದು. ತಿದ್ದುಪಡಿಯೆಲ್ಲ ಪ್ರತಿಯ ಮೇಲೆಯೇ ನಡೆಯಬೇಕು.

48 ಕಿಲೋಹರ್ಟ್ಜ್, 24 ಬಿಟ್, ಒಂದು ಮೈಕಿನ ಮುದ್ರಣ ಗಂಟೆಗೆ ಸುಮಾರು 520 ಮೆಗಾಬೈಟ್ ಜಾಗ ಬೇಡುತ್ತದೆ, ಇಂದಿನ ದಿನಗಳಲ್ಲಿ ಅದು ಹೊರೆಯೇನಲ್ಲ. ಹಾಡಿದವರ ಒಪ್ಪಿಗೆ ಪಡೆದು, ಅವರ ಹೆಸರು, ಊರು, ದಿನಾಂಕವನ್ನು ಮುದ್ರಣದ ಆರಂಭದಲ್ಲೇ ಬಾಯಿಬಿಟ್ಟು ಹೇಳಿ, ಎರಡು ಪ್ರತ್ಯೇಕ ಡಿಸ್ಕ್‌ಗಳಲ್ಲಿ ಉಳಿಸಿಡಬೇಕು. ಹೊಸ ಕಾರ್ಡ್ ಮುಂದಿನ ವರ್ಷವೂ ಅಂಗಡಿಯಲ್ಲಿ ಸಿಗುತ್ತದೆ. ಎಂಬತ್ತು ದಾಟಿದ ಕಂಠಕ್ಕೆ ಅಂತಹ ಖಾತರಿಯಿಲ್ಲ. ಇರುವ ಸಲಕರಣೆಯಲ್ಲೇ ಮೈಕನ್ನು ಹತ್ತಿರ ತಂದು ಇಂದೇ ಮುದ್ರಿಸಿಕೊಳ್ಳುವುದು ಜಾಣತನ.